ಕಾಲ್ಚೆಂಡಿನ ಕರಾರು ಬರೆಯುವವರು

ಬೇಲೂರು ತಾಲ್ಲೂಕಿನ ಬಿಕ್ಕೋಡು ಸುತ್ತಮುತ್ತಲ ಕಾಫಿ ತೋಟಗಳಲ್ಲಿ ರೈಟರು ಎಂಬ ಹುದ್ದೆ ಎಲ್ಲರಿಗೂ ಗೊತ್ತು. ಆಳುಗಳ ಹಾಜರಿ, ಮುಂಗಡ, ವಾರದ ಬಟವಾಡೆ ಎಲ್ಲವೂ ಅವರ ಪುಸ್ತಕದಲ್ಲಿರುತ್ತದೆ. ಸಾಹುಕಾರರ ಖರ್ಚು ಮಿತಿ ಮೀರಬಾರದು, ಒಳ್ಳೆಯ ಕೆಲಸಗಾರರು ಪಕ್ಕದ ತೋಟದ ಪಾಲಾಗಲೂಬಾರದು. ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಆಟಗಾರರ ಒಪ್ಪಂದ, ಸಂಬಳ ನೋಡಿಕೊಳ್ಳುವ ಅಧಿಕಾರಿಯ ಪಾಡೂ ಹೆಚ್ಚುಕಡಿಮೆ ಇದೇ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಅವರನ್ನು ತಂಡದಲ್ಲಿ ಉಳಿಸಿಕೊಂಡವರ ಹೆಸರು ಬರುವುದು ಅಪರೂಪ. ಕರ್ನಾಟಕದಲ್ಲಿ ಈ ಕೆಲಸ ಬೆಳೆದುಬಂದ ದಾರಿಯನ್ನು ನೋಡಿದರೆ ನಮ್ಮ ಕಾಲ್ಚೆಂಡಾಟದ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ.

ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್ ಕಪ್ ಗೆದ್ದಾಗ ನಮ್ಮಲ್ಲಿ ಆಟಗಾರನಿಗೆ ಸಂಬಳ ಎಂಬ ಮಾತೇ ಇರಲಿಲ್ಲ. ಪ್ರತಿಭೆ ಇದ್ದವರು ಕೋಲ್ಕತ್ತಕ್ಕೆ ಹೋಗುತ್ತಿದ್ದರು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಐವರು ಮುಂಚೂಣಿ ಆಟಗಾರರಾದ ಪ್ರಸಿದ್ಧ ‘ಪಂಚಪಾಂಡವ’ರಲ್ಲಿ ಒಬ್ಬರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್, ಮುಂದೆ ಕೆಂಪಯ್ಯ, ಅರುಮೈನಾಯಗಂ ಮೋಹನ್ ಬಾಗಾನ್ ಪರ ಆಡಿದರು. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಉಳಿದದ್ದೆಲ್ಲ ಕ್ಲಬ್ಬಿನ ಪದಾಧಿಕಾರಿಯ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ವರ್ಗಾವಣೆಯ ಸಮಯ ಬಂತೆಂದರೆ ಎದುರಾಳಿ ಕ್ಲಬ್ಬಿನವರ ಕಣ್ಣಿಗೆ ಬೀಳದಂತೆ ಆಟಗಾರರನ್ನು ಬಚ್ಚಿಡುತ್ತಿದ್ದ ಕತೆಗಳು ಕೋಲ್ಕತ್ತದ ಮೈದಾನದಲ್ಲಿ ಇವತ್ತಿಗೂ ಉಳಿದಿವೆ. ಬರಹದ ಕರಾರಿಲ್ಲದ ಆಟದಲ್ಲಿ ಆಟಗಾರನ ದೇಹವೇ ಕರಾರಾಗಿತ್ತು.

ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐ ಮುಂತಾದ ಸಾರ್ವಜನಿಕ ಉದ್ದಿಮೆಗಳು ಕ್ರೀಡಾ ಕೋಟಾದಲ್ಲಿ ಹುಡುಗರನ್ನು ಸೇರಿಸಿಕೊಂಡವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಶಾಪ್ ಫ್ಲೋರು. ತಿಂಗಳ ಸಂಬಳ, ಪಿಎಫ್, ಆಟ ಮುಗಿದ ಮೇಲೂ ನಿವೃತ್ತಿಯವರೆಗೆ ಕೆಲಸ. ಆ ದಿನಗಳ ‘ಒಪ್ಪಂದದ ಅಧಿಕಾರಿ’ ಎಂದರೆ ಪರ್ಸನೆಲ್ ವಿಭಾಗದ ಗುಮಾಸ್ತನೇ. ಈ ವ್ಯವಸ್ಥೆಯ ಬಗ್ಗೆ ನನಗೆ ತುಂಬಾ ಗೌರವವಿದೆ. ಮಂಡಿ ನೋವು ಬಂದ ಮಾತ್ರಕ್ಕೆ ಮನೆಯ ಒಲೆ ಆರುತ್ತಿರಲಿಲ್ಲ. ಮೈಸೂರು ರಾಜ್ಯ 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದೂ ಇದೇ ಕಾಲದಲ್ಲಿ. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ನಡುವೆ ಕಾರ್ಖಾನೆಗಳ ನೇಮಕಾತಿ ಬತ್ತಿತು, ತಂಡಗಳೂ ಸೊರಗಿದವು. ಎಚ್‌ಎಎಲ್ 2010–11ರಲ್ಲಿ ದೇಶದ ಅಂದಿನ ಅಗ್ರ ಲೀಗ್ ಆಗಿದ್ದ ಐ–ಲೀಗ್‌ಗೆ ಏರಿತಾದರೂ ಮರುವರ್ಷವೇ ಕೆಳಗಿಳಿಯಿತು.

ಇಂಗ್ಲೆಂಡ್‌ನಲ್ಲಿ ಆಟಗಾರನ ಕೂಲಿಯ ವ್ಯಾಜ್ಯ ಬೇರೆ ರೂಪದಲ್ಲಿ ನಡೆದಿತ್ತು. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಶುರುವಾದ ಗರಿಷ್ಠ ಕೂಲಿಯ ಕಟ್ಟುಪಾಡು 1961ರಲ್ಲಿ ತೆಗೆದುಹಾಕುವಾಗ 20 ಪೌಂಡ್ ಆಗಿತ್ತು. 1995ರಲ್ಲಿ ಯುರೋಪಿನ ನ್ಯಾಯಾಲಯದ ಬೋಸ್ಮನ್ ತೀರ್ಪು ಬಂತು: ಕರಾರಿನ ಅವಧಿ ಮುಗಿದ ಆಟಗಾರನಿಗೆ ಹಳೆಯ ಕ್ಲಬ್ಬು ಬೆಲೆ ಕೇಳುವಂತಿಲ್ಲ. ಅಂದಿನಿಂದ ಕರಾರಿನ ಕೊನೆಯ ದಿನಾಂಕವೇ ಚಿನ್ನವಾಯಿತು. ಆ ದಿನಾಂಕಗಳನ್ನು ಕಾಯುವವರೊಬ್ಬರು ಕ್ಲಬ್ಬಿಗೆ ಬೇಕಾದರು. ಅಮೆರಿಕನ್ ಫುಟ್‌ಬಾಲ್ ಎಂಬ ಬೇರೆ ಆಟದ ಲೀಗ್ ಆದ ಎನ್‌ಎಫ್‌ಎಲ್ 1994ರಲ್ಲಿ ತಂಡವೊಂದಕ್ಕೆ 3.46 ಕೋಟಿ ಡಾಲರ್‌ಗಳ ಸಂಬಳ ಮಿತಿ ಹೇರಿದಾಗ ಈ ಲೆಕ್ಕವೇ ಒಂದು ಸ್ವತಂತ್ರ ಕಸುಬಾಯಿತು.

ಭಾರತದಲ್ಲಿ ವೃತ್ತಿಪರತೆ ಮೊದಲು ಬಂದದ್ದು ಹಣದ ಸದ್ದಿನೊಂದಿಗೆ. 1997ರಲ್ಲಿ ಎಫ್‌ಸಿ ಕೊಚ್ಚಿನ್ ಹುಟ್ಟಿತು. ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಅಲ್ಲಿಗೆ ಹೋದರು. ಕೆಲವೇ ವರ್ಷಗಳಲ್ಲಿ ಸಂಬಳ ಬಾಕಿ ಬಿದ್ದು ಕ್ಲಬ್ಬೇ ಮುಚ್ಚಿತು. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡರಲ್ಲೂ ಬಂಡವಾಳ ಹೂಡಿತು. ದುಡ್ಡು ಬೆಂಗಳೂರಿನದು, ಆಟ ಕೋಲ್ಕತ್ತದ್ದು.

ಬೆಂಗಳೂರಿನಲ್ಲೇ ಕರಾರಿನ ಕಚೇರಿ ತೆರೆದದ್ದು 2013ರಲ್ಲಿ, ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿದಾಗ. ಮೊದಲ ವರ್ಷವೇ ಐ–ಲೀಗ್ ಗೆದ್ದ ತಂಡವದು. ಮೈದಾನದ ಹೊರಗಿನ ದೊಡ್ಡ ಪರೀಕ್ಷೆ 2015ರ ಜುಲೈನಲ್ಲಿ ಎದುರಾಯಿತು. ಆಗ ಇಂಡಿಯನ್ ಸೂಪರ್ ಲೀಗ್ ಮತ್ತು ಐ–ಲೀಗ್ ವರ್ಷದ ಬೇರೆಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದವು. ಐ–ಲೀಗ್ ಆಡುತ್ತಿದ್ದ ಬೆಂಗಳೂರು ಎಫ್‌ಸಿಯ ಆಟಗಾರರೇ ಮುಂಬೈನಲ್ಲಿ ನಡೆದ ಸೂಪರ್ ಲೀಗ್ ಹರಾಜಿನಲ್ಲಿ ಬೇರೆ ತಂಡಗಳ ಪಾಲಾದರು. 80 ಲಕ್ಷ ಮೂಲಬೆಲೆಯ ಸುನಿಲ್ ಛೆಟ್ರಿ 1.2 ಕೋಟಿಗೆ ಮುಂಬೈ ಸಿಟಿಗೆ, 27.5 ಲಕ್ಷದ ಯೂಜೀನ್ಸನ್ ಲಿಂಗ್ಡೊ 1.05 ಕೋಟಿಗೆ ಪುಣೆ ಸಿಟಿಗೆ. ಒಬ್ಬನೇ ಆಟಗಾರ, ವರ್ಷಕ್ಕೆ ಎರಡು ಜೆರ್ಸಿ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಯಾವ ದಿನ ವಾಪಸ್ ಬರಬೇಕು ಎಂಬ ಒಂದೊಂದು ಸಾಲನ್ನೂ ಯಾರೋ ಕೂತು ಬರೆಯಬೇಕಿತ್ತು. 2017ರಲ್ಲಿ ಕ್ಲಬ್ಬು ಸೂಪರ್ ಲೀಗ್ ಸೇರಿತು. 2019ರಲ್ಲಿ ಗೋವಾವನ್ನು ಮಣಿಸಿ ಕಪ್ ಎತ್ತಿತು. ಲೀಗ್‌ನ ಸಂಬಳ ಮಿತಿ 16.5 ಕೋಟಿ ರೂಪಾಯಿ ಇದ್ದ ವರ್ಷಗಳಲ್ಲಿ ಒಬ್ಬನಿಗೆ ಹೆಚ್ಚು ಕೊಡುವುದೆಂದರೆ ಇನ್ನೊಬ್ಬನ ಪಾಲಿಗೆ ಕೈ ಹಾಕಿದಂತೆಯೇ ಇತ್ತು.

ಕರಾರು ಬರೆಯುವವರ ಮೇಜಿನ ಮೇಲಿನ ಕಾಗದಗಳನ್ನು ಹತ್ತಿರದಿಂದ ನೋಡಬೇಕು. ಫಿಫಾ ನಿಯಮದಂತೆ ಒಪ್ಪಂದ ಐದು ವರ್ಷ ಮೀರುವಂತಿಲ್ಲ, 18 ತುಂಬದವರಿಗೆ ಮೂರು. ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂದಿನ ಕರಾರಿಗೆ ಸಹಿ ಹಾಕಬಹುದು. 2018ರಲ್ಲಿ ಸೇರಿಸಿದ ಕಲಮೊಂದರ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಉಳಿದರೆ, 15 ದಿನಗಳ ಗಡುವು ಕೊಟ್ಟು ನೋಟಿಸ್ ಕಳಿಸಿದ ಆಟಗಾರ ಕರಾರು ಮುರಿದು ಹೊರನಡೆಯಬಹುದು. ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಆಟಗಾರ ಅನ್ವರ್ ಅಲಿ ಪ್ರಕರಣವಿದೆ. ಮೋಹನ್ ಬಾಗಾನ್‌ನ ಕರಾರು ಮುರಿದು ಈಸ್ಟ್ ಬೆಂಗಾಲ್‌ಗೆ ಬಂದ ವಿಷಯದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ 2024ರಲ್ಲಿ 12.9 ಕೋಟಿ ಪರಿಹಾರ ವಿಧಿಸಿತು. ವಿಷಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ನನ್ನ ಮಟ್ಟಿಗೆ ಈ ಕಸುಬಿನ ನಿಜವಾದ ಅಳತೆಗೋಲು ಚೌಕಾಶಿಯಲ್ಲ, ಒಂದನೇ ತಾರೀಖು. 2025ರ ಆಗಸ್ಟ್‌ನಲ್ಲಿ ಅದು ಕಣ್ಣಿಗೆ ರಾಚಿತು. ಫೆಡರೇಷನ್ ಮತ್ತು ಆಗ ಸೂಪರ್ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ನಡುವಿನ 15 ವರ್ಷಗಳ ಒಪ್ಪಂದ ಮುಗಿಯುತ್ತಾ ಬಂದಿತ್ತು. ಮುಂದೇನೆಂದು ಯಾರಿಗೂ ತಿಳಿಯದೆ ಲೀಗ್ ನಿಂತಿತು. ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ದೇಶದಲ್ಲೇ ಅಚ್ಚುಕಟ್ಟಾದ ಕ್ಲಬ್ಬೆಂದು ಹೆಸರಾದದ್ದಕ್ಕೇ ಈ ಗತಿ ಬಂತೆಂದರೆ, ತಪ್ಪು ಒಂದು ಕಚೇರಿಯದಲ್ಲ. ಮೇಲಿನ ಕರಾರಿಗೆ ಆಯುಷ್ಯವಿಲ್ಲದಿದ್ದರೆ ಅದರ ಕೆಳಗೆ ಬರೆದ ನೂರಾರು ಕರಾರುಗಳಿಗೆ ಬಲವೆಲ್ಲಿಯದು? ಕಾರ್ಖಾನೆಯ ಗುಮಾಸ್ತ ಕೋಟಿಯ ಲೆಕ್ಕ ಬರೆದವನಲ್ಲ. ಆದರೆ ಅವನು ಬರೆದ ಸಂಬಳ ತಪ್ಪುತ್ತಿರಲಿಲ್ಲ.

ಈಗ ಈ ದಾರಿ ಹಿಡಿಯುವ ಹುಡುಗ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಕಾನೂನು, ಲೆಕ್ಕಪತ್ರ ಓದಿದವರು ಕೆಲವರು, ಆಡಿ ಬಂದವರು ಕೆಲವರು. ಬೆಂಗಳೂರು ಎಫ್‌ಸಿ ಪರ ಆಡಿದ್ದ ಡ್ಯಾರೆನ್ ಕಾಲ್ಡೇರಾ ಅದೇ ಕ್ಲಬ್ಬಿನ ಫುಟ್‌ಬಾಲ್ ನಿರ್ದೇಶಕರಾದರು. ಮೇಜಿನ ಆಚೆ ಬದಿಗೆ, ಆಟಗಾರನ ಪರ ಕೂರುವವರಿಗಾಗಿ 2023ರಿಂದ ಫಿಫಾ ಏಜೆಂಟರ ಪರೀಕ್ಷೆ ನಡೆಸುತ್ತಿದೆ: 20 ಪ್ರಶ್ನೆ, ಒಂದು ಗಂಟೆ, ಪಾಸಾಗಲು ಶೇ 75 ಅಂಕ. ಮಹಿಳಾ ಫುಟ್‌ಬಾಲ್‌ನಲ್ಲಿ ಕೆಲಸ ಇನ್ನೂ ಬಹಳ ಬಾಕಿಯಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಆಡುವ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ತಂಡಕ್ಕೆ ಕನಿಷ್ಠ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಕರಾರು ಇರಬೇಕೆಂದು ಫೆಡರೇಷನ್ 2023ರಲ್ಲಿ ಹೇಳಿತು. ಹತ್ತು ಜನರಿಗೆ ಮಾತ್ರ. ಹನ್ನೊಂದನೆಯವಳೂ ಮೈದಾನಕ್ಕಿಳಿಯುತ್ತಾಳೆ, ಅವಳ ಕಾಗದವನ್ನೂ ಯಾರಾದರೂ ಬರೆಯಬೇಕು.