ನ್ಯಾನೋಶಾಯಿಗಳು: ಮುದ್ರಿತ ವಿದ್ಯುತ್ ಶೇಖರಣೆಯ ಇತಿಹಾಸ

ಕಾಗದ, ಪ್ಲಾಸ್ಟಿಕ್ ಹಾಳೆ ಅಥವಾ ಬಟ್ಟೆಯ ಮೇಲೆ ಅಚ್ಚಾದಾಗ ವಿದ್ಯುತ್ತನ್ನು ಕೂಡಿಡುವ ಸಾಧನದ ಭಾಗವಾಗಬಲ್ಲ, ನ್ಯಾನೋಮೀಟರ್ ಅಳತೆಯ ಕಣಗಳನ್ನು ದ್ರವದಲ್ಲಿ ತೇಲಿಸಿ ಸಿದ್ಧಪಡಿಸಿದ ಶಾಯಿಗಳನ್ನು ನ್ಯಾನೋಶಾಯಿಗಳೆನ್ನುತ್ತಾರೆ. ಇವುಗಳಿಂದ ಹೆಚ್ಚಾಗಿ ತಯಾರಾಗುವುದು ಸೂಪರ್‌ಕೆಪಾಸಿಟರ್. ವಿದ್ಯುದ್ವಾರದ ಮೇಲ್ಮೈಗೆ ಅಯಾನುಗಳನ್ನು ಸೆಳೆದಿಟ್ಟುಕೊಂಡು ಆವೇಶವನ್ನು ಶೇಖರಿಸುವ ಈ ಸಾಧನದ ಸಾಮರ್ಥ್ಯವು ಮೇಲ್ಮೈ ಹಿಗ್ಗಿದಷ್ಟೂ ಹೆಚ್ಚುವುದರಿಂದ, ಕೆಲವೇ ಪರಮಾಣುಗಳಷ್ಟು ತೆಳುವಾದ ಪದರಗಳು ಇದಕ್ಕೆ ಹೇಳಿಮಾಡಿಸಿದಂತಿವೆ.

2008ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವು ಇಂಗಾಲದ ಅಂಥ ತೆಳುಪದರವಾದ ಗ್ರಾಫೀನಿನ ವಿದ್ಯುದ್ವಾರಗಳ ಸೂಪರ್‌ಕೆಪಾಸಿಟರನ್ನು ವರದಿಮಾಡಿತು; ಅದೇ ವರ್ಷ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಜೊನಾಥನ್ ಕೋಲ್ಮನ್ ಮತ್ತು ಸಂಗಡಿಗರು ಗ್ರಾಫೈಟನ್ನು ದ್ರಾವಕದಲ್ಲಿಯೇ ಪದರಪದರವಾಗಿ ಬಿಡಿಸಿ ಗ್ರಾಫೀನ್ ದ್ರವವನ್ನು ಪಡೆದರು. 2009ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಚುಯ್ ಅವರ ತಂಡವು ಸಾಮಾನ್ಯ ಕಾಗದಕ್ಕೆ ಕಾರ್ಬನ್ ನ್ಯಾನೋಟ್ಯೂಬ್ ಶಾಯಿಯನ್ನು ಬಳಿದು ಅದನ್ನು ವಿದ್ಯುದ್ವಾಹಕವಾಗಿಸಿತು, ಮರುವರ್ಷ ಹತ್ತಿಬಟ್ಟೆಯನ್ನು ಅಂಥದೇ ಶಾಯಿಯಲ್ಲಿ ಅದ್ದಿ ಒಣಗಿಸಿತು.

ಮುಂದಿನ ತೊಡಕು ಶಾಯಿಯ ದ್ರವಕ್ಕೆ ಸಂಬಂಧಿಸಿದ್ದು, ಮತ್ತು ಈ ಕ್ಷೇತ್ರದ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿಯೇ. ಗ್ರಾಫೀನ್ ಹಾಗೂ ನ್ಯಾನೋಟ್ಯೂಬುಗಳು ನೀರಿನಲ್ಲಿ ಗಂಟುಕಟ್ಟುವುದರಿಂದ ಅವನ್ನು ಬಿಡಿಯಾಗಿಡಲು ಸಾಬೂನಿನ ಗುಣದ ಮೇಲ್ಮೈಸಕ್ರಿಯಕಗಳನ್ನು ಬೆರೆಸಬೇಕಾಗುತ್ತಿತ್ತು. ಅಚ್ಚಾದ ಮೇಲೆ ಇವೇ ಕಣಗಳ ನಡುವೆ ಉಳಿದು ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತಿದ್ದವು, ಸುಟ್ಟು ತೆಗೆಯೋಣವೆಂದರೆ ಅಷ್ಟು ಕಾವನ್ನು ಪ್ಲಾಸ್ಟಿಕ್ಕಾಗಲಿ ಬಟ್ಟೆಯಾಗಲಿ ತಾಳುತ್ತಿರಲಿಲ್ಲ. ಇವುಗಳ ನೆರವಿಲ್ಲದೆ ಗ್ರಾಫೀನನ್ನು ತೇಲಿಸಬಲ್ಲ ಎನ್-ಮೀಥೈಲ್ ಪೈರೊಲಿಡೋನ್ ವಿಷಕಾರಿಯಷ್ಟೇ ಅಲ್ಲ, ಸುಮಾರು 202 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವಂಥದು.

2011ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ನಗೀಬ್, ಯೂರಿ ಗೊಗೊಟ್ಸಿ ಮತ್ತು ಮಿಷೆಲ್ ಬಾರ್ಸೂಮ್ ಅವರ ತಂಡವು ಟೈಟೇನಿಯಂ, ಅಲ್ಯುಮಿನಿಯಂ ಹಾಗೂ ಇಂಗಾಲಗಳ ಪದರುಳ್ಳ ಸಂಯುಕ್ತವೊಂದರಿಂದ ಅಲ್ಯುಮಿನಿಯಮ್ಮನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕರಗಿಸಿ ತೆಗೆದಾಗ ಉಳಿದ ಟೈಟೇನಿಯಂ ಕಾರ್ಬೈಡ್ ಪದರಗಳು ಮ್ಯಾಕ್ಸೀನ್ ಎಂಬ ವಸ್ತುಕುಟುಂಬಕ್ಕೆ ನಾಂದಿಯಾದವು. ಆಮ್ಲಜನಕ, ಹೈಡ್ರಾಕ್ಸಿಲ್ ಮತ್ತು ಫ್ಲೋರಿನ್ ಅಂಟಿಕೊಂಡ ಇವುಗಳ ಮೇಲ್ಮೈ ನೀರಿನಲ್ಲಿ ಋಣಾವೇಶ ತಳೆಯುವುದರಿಂದ ಪದರಗಳು ಒಂದನ್ನೊಂದು ವಿಕರ್ಷಿಸಿ ತಾವಾಗಿಯೇ ಬಿಡಿಯಾಗಿ ನಿಲ್ಲುತ್ತವೆ. ಈ ಗುಣವನ್ನೇ ಬಳಸಿ 2019ರಲ್ಲಿ ಟ್ರಿನಿಟಿ ಕಾಲೇಜಿನ ವಲೇರಿಯಾ ನಿಕೊಲೊಸಿ ಅವರ ತಂಡವು ಗೊಗೊಟ್ಸಿ ಮೊದಲಾದವರ ಸಹಯೋಗದಲ್ಲಿ ಯಾವ ಬೆರಕೆಯೂ ಇಲ್ಲದ ಮ್ಯಾಕ್ಸೀನ್ ಶಾಯಿಗಳನ್ನು ಪ್ರಕಟಿಸಿತು. ಸೂಜಿಮೊನೆಯಿಂದ ಒತ್ತಿ ಎಳೆಯೆಳೆಯಾಗಿ ಬಿಡುವ ಮುದ್ರಣಕ್ಕೆ ನೀರಿನ ಮಂದ ಶಾಯಿ, ಇಂಕ್‌ಜೆಟ್‌ಗೆ ಸಾವಯವ ದ್ರಾವಕದ ತೆಳು ಶಾಯಿ ಬಳಕೆಯಾದವು. ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿಕೊಂಡ ಎರಡು ವಿದ್ಯುದ್ವಾರಗಳನ್ನು ಅಚ್ಚೊತ್ತಿ, ಮೇಲೆ ಆಮ್ಲ ಬೆರೆತ ಜೆಲ್ ಸವರಿದರೆ ಸಾಧನ ಸಿದ್ಧವಾಗುತ್ತಿತ್ತು.

ಆದರೆ ನೀರಿನಲ್ಲಿ ಕರಗಿರುವ ಆಮ್ಲಜನಕದ ಸಂಪರ್ಕದಲ್ಲಿ ಈ ಪದರಗಳು ಕ್ರಮೇಣ ಟೈಟೇನಿಯಂ ಡೈಆಕ್ಸೈಡ್ ಆಗಿ ಕೆಡುತ್ತವೆಯಾದ್ದರಿಂದ, ಶಾಯಿಯನ್ನು ಆರ್ಗಾನ್ ಅನಿಲ ತುಂಬಿದ ಸೀಸೆಗಳಲ್ಲಿ ಮುಚ್ಚಿ ತಂಪಿನಲ್ಲಿ ಕಾಪಿಡಬೇಕಾಗುತ್ತದೆ.