ಕಾನಿನ ಬಳ್ಳಿ, ಗೇರುಸೊಪ್ಪೆಯ ರಾಣಿ

ಕ್ರಿಸ್ತಪೂರ್ವ 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನೊಳಗೆ ಕಾಳುಮೆಣಸು ಸಿಕ್ಕಿದೆ. ಆ ಬಳ್ಳಿಯ ತವರು ಪಶ್ಚಿಮಘಟ್ಟದ ಮಳೆಕಾಡು.

ಶರಾವತಿ ಸೀಮೆಯ ಕಾನುಗಳಲ್ಲಿ ಕಾಡುಮೆಣಸು ಇಂದಿಗೂ ಮರವೇರಿ ಬೆಳೆಯುತ್ತದೆ. ಗಂಟುಗಂಟಿನಿಂದ ಹೊರಟ ಬೇರು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ; ಎಲೆಗೆ ಎದುರಾಗಿ ಸಣ್ಣ ಹೂತೆನೆ ಜೋತುಬೀಳುತ್ತದೆ. ಕಾಡಿನ ಬಳ್ಳಿಗಳಲ್ಲಿ ಹೆಚ್ಚಿನವು ಗಂಡು ಇಲ್ಲವೇ ಹೆಣ್ಣು. ತೋಟದ ಬಳ್ಳಿಯಲ್ಲಾದರೆ ಬಹುಪಾಲು ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಚೆನ್ನಾಗಿ ಕಾಳು ಕಟ್ಟುವ ಬಳ್ಳಿಯನ್ನೇ ಆರಿಸಿ, ಕುಡಿ ಕತ್ತರಿಸಿ ನೆಡುತ್ತ ಬಂದ ರೈತರ ತಲೆಮಾರುಗಳ ಕೆಲಸವದು. ಇತಿಹಾಸ ಅವರ ಹೆಸರು ಬರೆದಿಟ್ಟಿಲ್ಲ; ಮೆಣಸಿನ ಚರಿತ್ರೆಯಲ್ಲಿ ಮೊದಲ ಗೌರವ ಸಲ್ಲಬೇಕಾದ್ದು ಮಾತ್ರ ಅವರಿಗೇ.

ಹಡಗು, ಯುದ್ಧ, ಸುಂಕ ಎಲ್ಲ ಆಮೇಲಿನವು.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ ಮೇಲೆ ಪೋರ್ಚುಗೀಸರು ಮೆಣಸಿನ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಹೊರಟರು. ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ ಅವರಿಗೆ ಎದುರು ನಿಂತವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಸೇರಿತು. ಆದರೆ ಘಟ್ಟದಿಂದ ಇಳಿದು ಬರುವ ಕಾಳು ಬೇಕಾದರೆ ಗೇರುಸೊಪ್ಪೆಯತ್ತಲೇ ನೋಡಬೇಕಿತ್ತು. ‘ಮೆಣಸಿನ ರಾಣಿ’ ಎಂದು ಆಕೆಯನ್ನು ಕರೆದವರೂ ಪೋರ್ಚುಗೀಸರೇ!

1801ರಲ್ಲಿ ಈ ಸೀಮೆ ಸುತ್ತಿದ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕನನ್ ಕಾಡಿನೊಳಗಿನ ಮೆಣಸಿನ ಕೃಷಿಯನ್ನು ದಾಖಲಿಸಿದ. ನೆರಳನ್ನು ಹದಮಾಡಿ, ಬಳ್ಳಿಗಳನ್ನು ಮರಕ್ಕೆ ಹಬ್ಬಿಸಿ ಕಾನನ್ನೇ ತೋಟವಾಗಿಸುತ್ತಿದ್ದ ಪದ್ಧತಿ ಅದು.