ದಂಡದ ಚೀಟಿಯಿಂದ ಕಾಡಿನ ಗೇಟಿನವರೆಗೆ

ರಾತ್ರಿ ಒಂಬತ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು ಇರುವಾಗ ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವ ರಸ್ತೆಯಲ್ಲಿ ನಿಂತು ನೋಡಬೇಕು. ತರಕಾರಿ ತುಂಬಿದ ಲಾರಿ, ಪ್ರವಾಸ ಮುಗಿಸಿ ಮನೆಗೆ ಹೊರಟವರ ಕಾರು, ಎಲ್ಲಕ್ಕೂ ಮದ್ದೂರು ಚೆಕ್‌ಪೋಸ್ಟ್ ಮುಟ್ಟುವ ಅವಸರ. ಗೇಟು ಬಿದ್ದರೆ ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೇ. ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲೂ ಇದೇ ಕಥೆ. ಅತಿವೇಗಕ್ಕೆ ದಂಡ ಹಾಕುವ ಕಾನೂನು ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಹೀಗಿದ್ದೂ ಬಂಡೀಪುರದಲ್ಲಿ ರಸ್ತೆಯನ್ನೇ ರಾತ್ರಿ ಮುಚ್ಚಬೇಕಾಗಿ ಬಂದದ್ದೇಕೆ? ಇದಕ್ಕೆ ಉತ್ತರ ಹುಡುಕಬೇಕಾದರೆ ದಂಡದ ಚೀಟಿಯ ಚರಿತ್ರೆಯನ್ನೇ ಸ್ವಲ್ಪ ತಿರುವಿಹಾಕಬೇಕು.

ಯಂತ್ರದ ವಾಹನಗಳಿಗೆ ಮೊದಲು ಕಡಿವಾಣ ಬಿದ್ದ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಅಲ್ಲಿನ 1865ರ ಕಾಯಿದೆಯ ಪ್ರಕಾರ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಮೀರುವಂತಿರಲಿಲ್ಲ. 1896ರ ಜನವರಿಯಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಕೆಂಟ್ ಪ್ರಾಂತ್ಯದಲ್ಲಿ 8 ಮೈಲಿ ವೇಗದಲ್ಲಿ ಕಾರು ಓಡಿಸಿದ. ಪೊಲೀಸ್ ಪೇದೆ ಸೈಕಲ್ ತುಳಿದು ಅಟ್ಟಿಸಿಕೊಂಡು ಹೋಗಿ ಅವನನ್ನು ಹಿಡಿದ. ಅತಿವೇಗಕ್ಕಾಗಿ ಮೋಟಾರು ಚಾಲಕನೊಬ್ಬ ದಂಡ ತೆತ್ತ ಮೊದಲ ಪ್ರಕರಣವೆಂದು ಇದನ್ನು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷ ಆ ದೇಶ ಮಿತಿಯನ್ನು 14 ಮೈಲಿಗೆ ಏರಿಸಿತು. ಕಾನೂನು ವೇಗವನ್ನು ತಡೆಯುವುದೂ ವೇಗ ಕಾನೂನನ್ನು ಎಳೆದೊಯ್ಯುವುದೂ ಅಂದಿನಿಂದ ನಡೆದೇ ಇದೆ.

ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲಿ ಮೋಟಾರು ವಾಹನ ಕಾಯಿದೆ ಬಂತು, 1939ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಇವು ಮೈಸೂರು ಸಂಸ್ಥಾನಕ್ಕೆ ತಾವಾಗಿ ಅನ್ವಯಿಸುತ್ತಿರಲಿಲ್ಲ. ಇಂದು ಚಾಮರಾಜನಗರ ಜಿಲ್ಲೆಯಲ್ಲೇ ಇರುವ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ವೇಳೆ ಅದು ಮೈಸೂರಿಗೆ ಬಂತು. ಅಂದರೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ಮೋಟಾರು ಒಂದು ಕಾನೂನಿನ ನೆಲದಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಇಡೀ ದೇಶ ಇಂದು ಪಾಲಿಸುವ ಕಾಯಿದೆ 1988ರದು. ಜಾರಿಗೆ ಬಂದದ್ದು 1989ರ ಜುಲೈ 1ರಂದು.

ಈ ಕಾಯಿದೆಯಲ್ಲಿ ಅತಿವೇಗದ ಮೊದಲ ತಪ್ಪಿಗೆ ಗರಿಷ್ಠ ದಂಡ 400 ರೂಪಾಯಿ ಇತ್ತು, ಮತ್ತೆ ಸಿಕ್ಕಿಬಿದ್ದರೆ 1,000. 2019ರ ತಿದ್ದುಪಡಿ ಕಾರಿನಂಥ ಲಘು ವಾಹನಕ್ಕೆ ಅದನ್ನು 1,000ದಿಂದ 2,000 ರೂಪಾಯಿಗೆ, ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿಗೆ ಏರಿಸಿತು. ಮರುತಪ್ಪಿಗೆ ಲೈಸೆನ್ಸನ್ನೇ ಕಿತ್ತುಕೊಳ್ಳಲು ಅವಕಾಶವಿದೆ.

ದಂಡದ ಮೊತ್ತಕ್ಕಿಂತ ಕುತೂಹಲದ ಸಂಗತಿಯೊಂದು ಇದೇ ಕಾಯಿದೆಯ 24ನೇ ಕಲಮಿನಲ್ಲಿದೆ. ನ್ಯಾಯಾಲಯ ಚಾಲಕನ ಲೈಸೆನ್ಸಿನ ಮೇಲೆ ಅವನ ತಪ್ಪಿನ ಷರಾ ಬರೆಯಬಹುದು. ಆದರೆ ಮುಂದಿನ ಮೂರು ವರ್ಷ ಹೊಸ ಷರಾ ಬೀಳದಿದ್ದರೆ ಹಳೆಯದನ್ನೆಲ್ಲ ಕಳೆದು ಸ್ವಚ್ಛವಾದ ಲೈಸೆನ್ಸ್ ಪಡೆಯುವ ಹಕ್ಕು ಅವನಿಗಿದೆ. ಷರಾ ಬರೀ ವೇಗಮಿತಿ ಮೀರಿದ್ದಕ್ಕೆ ಆಗಿದ್ದರೆ ಒಂದೇ ವರ್ಷ ಸಾಕು. ಕಾನೂನು ಇಲ್ಲಿ ಮನೆಯ ಹಿರಿಯರ ಹಾಗೆ ನಡೆದುಕೊಳ್ಳುತ್ತದೆ: ಗದರಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ, ತಿದ್ದಿಕೊಂಡರೆ ಮರೆಯುತ್ತದೆ.

ಸೈಕಲ್ ಏರಿದ ಪೇದೆಯ ಕೆಲಸವನ್ನು ಇಂದು ಕ್ಯಾಮೆರಾ ಮಾಡುತ್ತಿದೆ. 2021ರ ಆಗಸ್ಟಿನಲ್ಲಿ ಬಂದ ಕೇಂದ್ರದ ನಿಯಮದಂತೆ ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಇರಬೇಕು, ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು, ತಪ್ಪು ನಡೆದ ಹದಿನೈದು ದಿನದೊಳಗೆ ನೋಟಿಸ್ ಕಳುಹಿಸಬೇಕು. ಆದ್ದರಿಂದ ನೋಟಿಸ್ ಕೈಸೇರಿದಾಗ ಗಾಬರಿಯೂ ಬೇಡ, ಉದಾಸೀನವೂ ಬೇಡ. ಗಾಡಿಯ ನಂಬರು, ದಿನಾಂಕ, ಜಾಗ, ಚಿತ್ರ ಇವನ್ನು ನೋಡಬೇಕು. ಹೊಂದದಿದ್ದರೆ ಆಕ್ಷೇಪಣೆ ಸಲ್ಲಿಸಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಹಳೆಯ ಬೈಕನ್ನು ಮಾರಿ ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಾಯಿಸದೆ ಬಿಟ್ಟವರಿಗೆ, ಕೊಂಡವನ ವೇಗದ ನೋಟಿಸು ತಮ್ಮ ಮನೆಗೆ ಬಂದಾಗಲೇ ಆ ಅಲಕ್ಷ್ಯದ ಬೆಲೆ ತಿಳಿಯುತ್ತದೆ. ಬಾಕಿ ಬಿದ್ದ ದಂಡವನ್ನು ವಸೂಲು ಮಾಡಲು ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲಿ ಅರ್ಧದಷ್ಟು ರಿಯಾಯಿತಿ ಕೊಟ್ಟಿತು. 2025ರಲ್ಲಿ ಮತ್ತೊಮ್ಮೆ ಕೊಟ್ಟಿತು. ದುಡ್ಡೇನೋ ಬಂತು. ಆದರೆ ಕಾದು ಕುಳಿತವನಿಗೆ ಲಾಭ, ಕೂಡಲೇ ಕಟ್ಟಿದವನಿಗೆ ನಷ್ಟ ಎಂಬ ಪಾಠವನ್ನೂ ಜನ ಕಲಿತಿರಬಹುದು.

ಇಷ್ಟೆಲ್ಲ ಏರ್ಪಾಡಿನಲ್ಲೂ ಒಂದು ಮಿತಿಯಿದೆ. ದಂಡ ಬೀಳುವುದು ತಪ್ಪು ನಡೆದ ಮೇಲೆ. ಊರಿನ ರಸ್ತೆಯಲ್ಲಿ ಅದು ನಾಳೆಯ ಚಾಲಕನನ್ನು ಹೆದರಿಸಿ ಸ್ವಲ್ಪ ಕೆಲಸ ಮಾಡುತ್ತದೆ. ಕಾಡಿನಲ್ಲಿ ಕತ್ತಲೆಯಿಂದ ಥಟ್ಟನೆ ರಸ್ತೆಗೆ ಬರುವ ಜಿಂಕೆಗೆ ಫಲಕ ಓದಲು ಬರುವುದಿಲ್ಲ. ಲೆಕ್ಕ ಸರಳ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ, 80ರಲ್ಲಿ 22 ಮೀಟರ್. ಕಣ್ಣು ಕಂಡದ್ದು ಕಾಲಿಗೆ ತಲುಪಿ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಹೋಗಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಉಳಿಯುವುದೆಷ್ಟು? ಇಪ್ಪತ್ತು ಕಿ.ಮೀ. ಕಾಡುದಾರಿಯಲ್ಲಿ ಬರೀ ಹದಿನೈದು ನಿಮಿಷ.

ಈ ಹಿನ್ನೆಲೆಯಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ಬಂಡೀಪುರದ ಮೂಲಕ ಹಾಯುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದರು. ಅವರು ಬಳಸಿದ್ದೂ ಅದೇ ಮೋಟಾರು ವಾಹನ ಕಾಯಿದೆಯನ್ನೇ. ಸಾರ್ವಜನಿಕ ಸುರಕ್ಷತೆಗಾಗಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅದರ 115ನೇ ಕಲಮನ್ನು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ವಕೀಲರೊಬ್ಬರು ಹೈಕೋರ್ಟಿನ ಮೆಟ್ಟಿಲೇರಿದರು. ಜುಲೈನಲ್ಲಿ ಮಧ್ಯಂತರ ಆದೇಶದಿಂದ ನಿಷೇಧ ಮರಳಿತು, 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ದೊರೆಯಿತು.

ಇದರ ಭಾರ ಎಲ್ಲರಿಗೂ ಒಂದೇ ಅಲ್ಲ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ವಯನಾಡಿನ ಜನ ಬೀದಿಗಿಳಿದು ಉಪವಾಸ ಕುಳಿತರು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬೇರೆ ದಾರಿ ಇದ್ದರೂ ಅದು ಸುತ್ತು. ಗುಂಡ್ಲುಪೇಟೆ ಸೀಮೆಯ ತರಕಾರಿ ಬಾಡುವ ಮೊದಲು ಗಡಿ ದಾಟಬೇಕು. ರೈತನಿಗೆ ಒಂಬತ್ತು ಗಂಟೆ ಎಂದರೆ ಒಂಬತ್ತೇ. ಆ ಸಂಕಟವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಗಿದ್ದೂ ಈ ಪದ್ಧತಿ ನಿಂತಿತು, ಹಬ್ಬಿತು ಕೂಡ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ, 27 ಕಡಿದಾದ ತಿರುವುಗಳ ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ಮದರಾಸು ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ವೇಗಕ್ಕೆ ದಂಡ, ದಂಡಕ್ಕೆ ಷರಾ, ಷರಾಕ್ಕೆ ಕ್ಷಮೆ ಎಂಬುದು ಮನುಷ್ಯರ ನಡುವಿನ ವ್ಯವಹಾರ. ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ನಮ್ಮ ಲೈಸೆನ್ಸು ಮತ್ತೆ ಸ್ವಚ್ಛವಾಗುತ್ತದೆ. ರಸ್ತೆಯ ಮೇಲೆ ಬಿದ್ದ ಪ್ರಾಣಿ ಯಾವ ಅವಧಿ ಮುಗಿದರೂ ಏಳುವುದಿಲ್ಲ, ಮನುಷ್ಯನೂ ಅಷ್ಟೆ. ಬಂಡೀಪುರದ ಗೇಟು ಹೇಳುವುದು ಇದನ್ನೇ. ಆದರೆ ಅದು ಕಾಯುವುದು ರಾತ್ರಿಯನ್ನು ಮಾತ್ರ. ಬೆಳಿಗ್ಗೆ ಆರಕ್ಕೆ ಗೇಟು ತೆರೆದ ಮೇಲಿನ ಹದಿನೈದು ಗಂಟೆ ಕಾಡಿನ ಕಾವಲು ಚಾಲಕನ ಬಲಗಾಲಿನದು.